ಮಲೆನಾಡಿನಲ್ಲಿ ಹ್ಯಾಮಕ್ ಕಟ್ಟಿ ಮಲಗಲು ಏಕಾಂತದ ಜಾಗ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹ್ಯಾಮಕ್‌ಗೆ, ಅಂದರೆ ಮಲಗುವ ಬಟ್ಟೆಯ ಜೋಲಿಗೆ, ಬೇಕಾದ್ದು ಎರಡು ಮರ. ಮಲೆನಾಡಿನಲ್ಲಿ ಮರಕ್ಕೇನೂ ಬರವಿಲ್ಲ. ಆದರೆ ಆ ಮರಗಳು ಯಾರ ಹೆಸರಿನಲ್ಲಿವೆ, ರಾತ್ರಿ ಅವುಗಳ ಬುಡದಲ್ಲಿ ಏನು ಓಡಾಡುತ್ತದೆ, ಮೇಲಿಂದ ಏನು ಬೀಳಬಹುದು, ತರಗೆಲೆಯಲ್ಲಿ ಏನು ಕಾದು ಕೂತಿದೆ ಎಂದು ಒಂದೊಂದಾಗಿ ಕೇಳುತ್ತ ಹೋದರೆ ನಕ್ಷೆಯಲ್ಲಿ ಹಸಿರಾಗಿ ಕಂಡ ಜಾಗಗಳಲ್ಲಿ ಮುಕ್ಕಾಲು ಪಾಲು ಅಳಿಸಿಹೋಗುತ್ತದೆ. ಉಳಿದ ಕಾಲು ಪಾಲನ್ನು ಹುಡುಕುವ ಕ್ರಮ ಇಲ್ಲಿದೆ. ಶಿರಸಿ, ಸಾಗರದಿಂದ ಹಿಡಿದು ಕೊಪ್ಪ, ಮೂಡಿಗೆರೆ, ಸಕಲೇಶಪುರ, ಕೊಡಗಿನವರೆಗಿನ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಕಾನೂನು, ಆಮೇಲೆ ಕಾಡು

ಮೊಬೈಲಿನಲ್ಲಿ ನಾವು ನೋಡುವ ವೈಲ್ಡ್ ಕ್ಯಾಂಪಿಂಗ್ ವಿಡಿಯೋಗಳಲ್ಲಿ ಹೆಚ್ಚಿನವು ಸ್ವೀಡನ್, ನಾರ್ವೆ, ಸ್ಕಾಟ್ಲೆಂಡ್ ಕಡೆಯವು. ಅಲ್ಲಿ ಇನ್ನೊಬ್ಬರ ಜಮೀನಿನಲ್ಲೂ ಮನೆ, ಬೆಳೆಗಳಿಂದ ದೂರದಲ್ಲಿ ಒಂದು ರಾತ್ರಿ ತಂಗುವ ಹಕ್ಕು ಜನರಿಗಿದೆ. ಸ್ಕಾಟ್ಲೆಂಡಿನಲ್ಲಿ ಅದು 2003ರ ಭೂಸುಧಾರಣಾ ಕಾಯ್ದೆಯಿಂದ ಬಂದದ್ದು. ಅಲ್ಲಿ ನೆಲೆಸಿರುವ ಕನ್ನಡಿಗರು ಆ ವಿಡಿಯೋಗಳನ್ನು ನಂಬಬಹುದು. ಇಂಗ್ಲೆಂಡಿಗೆ ಅದು ಅನ್ವಯಿಸುವುದಿಲ್ಲ, ಆ ದೇಶದ ಡಾರ್ಟ್‌ಮೂರ್ ಪ್ರದೇಶ ಮಾತ್ರ ಅಪವಾದ. ಅಲ್ಲಿನ ಹಕ್ಕನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು.

ನಮ್ಮಲ್ಲಿ ಅಂಥ ಹಕ್ಕೇ ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿಯಾಗಿದೆ. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ, ಶರಾವತಿ ಕಣಿವೆ, ಮೂಕಾಂಬಿಕಾ, ಸೋಮೇಶ್ವರ, ಭದ್ರಾ ಎಲ್ಲವೂ ಇದರಡಿ ಬರುತ್ತವೆ. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಚಾರಣದ ಟಿಕೆಟ್ ಸಿಗುತ್ತದೆ, ಆದರೆ ಅದು ಹಗಲು ನಡೆದು ಬರುವುದಕ್ಕೆ. ಅದೇ ಚೀಟಿ ಹಿಡಿದು ಸಂಜೆ ದಾರಿ ಬಿಟ್ಟು ಜೋಲಿ ಕಟ್ಟಿದರೆ ಟಿಕೆಟ್ ಇದ್ದೂ ಇಲ್ಲದಂತೆ. ‘ಯಾರೂ ನೋಡುವುದಿಲ್ಲ’ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ವಾಚರ್‌ಗಳು ನೋಡುತ್ತಾರೆ, ಕ್ಯಾಮೆರಾ ಟ್ರ್ಯಾಪ್ ನೋಡುತ್ತದೆ, ಊರಿನವರಂತೂ ನೋಡಿಯೇ ನೋಡುತ್ತಾರೆ. ಮಲೆನಾಡಿನ ರಸ್ತೆಬದಿಯಲ್ಲಿ ಬೆಂಗಳೂರು ನೋಂದಣಿಯ ಕಾರು ಒಂದು ರಾತ್ರಿ ನಿಂತರೆ ಬೆಳಗಿನ ಹಾಲಿನ ಡೇರಿಯಲ್ಲಿ ಅದೇ ಸುದ್ದಿ.

ಆದ್ದರಿಂದ ಹುಡುಕಾಟ ಖಾಸಗಿ ಜಮೀನಿನ ಮರಗಾಡಿನಲ್ಲಿ. ಇದರಿಂದ ಅನುಭವ ಕಡಿಮೆಯಾಗುತ್ತದೆ ಎಂದು ನನಗನ್ನಿಸಿಲ್ಲ. ಏಲಕ್ಕಿ ಬೆಳೆಯುವ ಹಳೇ ಕಾಫಿ ತೋಟದ ಹಿಂಬದಿಯ ಇಳಿಜಾರು ಎಷ್ಟೋ ಮೀಸಲು ಅರಣ್ಯಗಳಿಗಿಂತ ದಟ್ಟವಾಗಿರುತ್ತದೆ. ಮೀಸಲು ಅರಣ್ಯವೆಂದು ಬೋರ್ಡಿದ್ದ ಕಡೆ ಒಳಗೆ ಬರೀ ಅಕೇಶಿಯಾ ಸಾಲು ಇರುವುದೂ ಉಂಟು.

ಊರಿನ ಅಡ್ಡಕೊಯ್ತ ಓದಿ

ಅಡಿಕೆ ಸೀಮೆಯ ಯಾವ ಕಣಿವೆಯನ್ನು ಅಡ್ಡ ಕೊಯ್ದು ನೋಡಿದರೂ ಹೆಚ್ಚುಕಡಿಮೆ ಒಂದೇ ಜೋಡಣೆ. ತಳದಲ್ಲಿ ಹಳ್ಳ, ಅದರ ಪಕ್ಕ ಅಡಿಕೆ ತೋಟ ಅಥವಾ ಗದ್ದೆ. ತೋಟದ ಅಂಚಿನಲ್ಲಿ ಮನೆ, ಕೊಟ್ಟಿಗೆ. ಮನೆಯ ಹಿಂದೆ ಏರಿನಲ್ಲಿ ಬ್ಯಾಣ, ಎಂದರೆ ಒಂದಷ್ಟು ಹುಲ್ಲು, ಒಂದಷ್ಟು ಮರ, ಗೇರು, ಮಾವು. ಅದರಾಚೆ ಸೊಪ್ಪಿನಬೆಟ್ಟ. ಅದಕ್ಕೂ ಮೇಲೆ ಮೀಸಲು ಕಾಡು.

ನೀವು ಹುಡುಕಬೇಕಾದ್ದು ಬ್ಯಾಣದಲ್ಲಿ. ಸೊಪ್ಪಿನಬೆಟ್ಟದ ವಿಷಯದಲ್ಲಿ ಜಾಗ್ರತೆ ಬೇಕು. ತೋಟದವರು ಅದನ್ನು ‘ನಮ್ಮ ಬೆಟ್ಟ’ ಎಂದೇ ಹೇಳುತ್ತಾರೆ, ತಲೆಮಾರುಗಳಿಂದ ಸೊಪ್ಪು, ದರಕು (ಒಣಗಿದೆಲೆ) ತಂದು ತೋಟಕ್ಕೆ ಹಾಕಿದ್ದಾರೆ. ಆದರೆ ಅವರಿಗಿರುವುದು ಬಳಸುವ ಸವಲತ್ತು, ಒಡೆತನವಲ್ಲ. ಅಲ್ಲಿ ನಿಮ್ಮನ್ನು ಮಲಗಿಸುವ ಅಧಿಕಾರ ಅವರಿಗಿಲ್ಲ. ಅರಣ್ಯ ಇಲಾಖೆಯೊಂದಿಗೆ ಅವರಿಗೆ ಮೊದಲೇ ಇರುವ ತಕರಾರಿಗೆ ನಿಮ್ಮ ಜೋಲಿಯೂ ಸೇರುವುದು ಬೇಡ.

ಕಾಫಿ ಸೀಮೆಯ ಜೋಡಣೆ ಬೇರೆ. ಅಲ್ಲಿ ತೋಟವೇ ನೆರಳಿನ ಕಾಡು. ಗಿಡಗಳ ನಡುವೆ ಜೋಲಿ ಕಟ್ಟಲು ಜಾಗವಿರುವುದಿಲ್ಲ, ಕಟ್ಟಿದರೂ ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಟೊಂಗೆ, ಮುರಿದು ಬೈಸಿಕೊಳ್ಳುತ್ತೀರಿ. ಹಳೆಯ ಏಲಕ್ಕಿ ಪಟ್ಟಿ, ಬಂಡೆ ಎದ್ದು ಕೃಷಿಗೆ ಆಗದೆ ಬಿಟ್ಟ ಮೂಲೆ, ಕೆರೆಯ ಮೇಲ್ದಂಡೆಯ ಮರಗಳು, ಕೊಡಗಿನಲ್ಲಾದರೆ ಮನೆತನದ ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡು), ಇವನ್ನು ಕೇಳಿ. ದೇವರಕಾಡು ಮಾತ್ರ ಬೇಡ. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ, ಮಲೆನಾಡು, ಕರಾವಳಿಯಲ್ಲಿ ನಾಗಬನ, ಭೂತನ ಬನಗಳಿವೆ. ಎಷ್ಟೇ ಚೆಂದದ ಎರಡು ಮರಗಳಿರಲಿ, ಕಲ್ಲಿಗೆ ಕುಂಕುಮ ಹಚ್ಚಿದ್ದು, ತ್ರಿಶೂಲ ನೆಟ್ಟಿದ್ದು, ಮಣ್ಣಿನ ನಾಯಿ ಇಟ್ಟಿದ್ದು ಕಂಡರೆ ಹಿಂದೆ ಬನ್ನಿ.

ಆನೆಯೋ ಉಣುಗೋ: ಕಾಲ ಮತ್ತು ಸೀಮೆ

ಮಳೆಗಾಲ ಮುಗಿಯುವವರೆಗೆ ಯೋಚನೆಯೇ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಂಬಳ (ಜಿಗಣೆ), ಗಾಳಿ, ಬೀಳುವ ಮರ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಸಿಡಿಲು, ಸಿಡಿಲಿನ ಹೊತ್ತಿನಲ್ಲಿ ಎರಡು ಮರದ ನಡುವೆ ತೂಗಾಡುವುದು ಯಾವ ನ್ಯಾಯ? ಉಳಿಯುವುದು ಅಕ್ಟೋಬರ್ ನಡುವಿನಿಂದ ಮಾರ್ಚ್‌ವರೆಗೆ. ಆದರೆ ಈ ಆರು ತಿಂಗಳನ್ನೂ ಒಂದೇ ಬಗೆಯಲ್ಲಿ ನೋಡುವಂತಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಬೇಸಿಗೆಯ ಭಯ. ಅದನ್ನು ಹರಡುವುದು ಉಣುಗು, ಅಂದರೆ ಉಣ್ಣೆ. ದೊಡ್ಡ ಉಣುಗಿಗಿಂತ ಸಾಸಿವೆಯಷ್ಟಿರುವ ಮರಿಗಳೇ ಅಪಾಯ, ಅವು ಒಣ ತರಗೆಲೆಯಲ್ಲಿ ಹೆಚ್ಚುವುದು ಡಿಸೆಂಬರ್ ನಂತರ. ಜನವರಿಯಿಂದ ಮಾರ್ಚ್‌ವರೆಗೆ ಪ್ರಕರಣಗಳು ಏರುತ್ತವೆ. ಹ್ಯಾಮಕ್ ನೆಲದಿಂದ ಮೇಲಿದೆಯಲ್ಲ ಎಂದು ನೆಮ್ಮದಿ ಪಡಬೇಡಿ, ಅದನ್ನು ಕಟ್ಟುವ ಅರ್ಧ ಗಂಟೆ ನೀವು ತರಗೆಲೆಯ ಮೇಲೇ ಮಂಡಿಯೂರಿರುತ್ತೀರಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಘಟ್ಟದ ತಾಲ್ಲೂಕುಗಳು ಈ ಕಾಯಿಲೆಗೆ ಪರಿಚಿತ.

ಹಾಗಾದರೆ ದಕ್ಷಿಣಕ್ಕೆ, ಸಕಲೇಶಪುರ, ಆಲೂರು, ಕೊಡಗಿಗೆ ಹೋಗೋಣವೆಂದರೆ ಅಲ್ಲಿ ಆನೆ. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಹಾಸನ, ಕೊಡಗಿನ ಹಲವು ಹಿಂಡುಗಳು ಕಾಡಿಗಿಂತ ಕಾಫಿ ತೋಟದಲ್ಲೇ ದಿನ ಕಳೆಯುತ್ತವೆ. ಭತ್ತ ಹಣ್ಣಾಗುವ ನವೆಂಬರ್ ಹೊತ್ತಿಗೆ ಗದ್ದೆಗೆ ಇಳಿಯುತ್ತವೆ, ಹಲಸಿನ ಕಾಲದಲ್ಲಿ ಮನೆಯಂಗಳಕ್ಕೇ ಬರುತ್ತವೆ. ಆನೆ ಓಡಾಡುವ ತೋಟದಲ್ಲಿ ಹ್ಯಾಮಕ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಲೀಕರು ಧೈರ್ಯ ಹೇಳಿದರೂ ಬೇಡ. ಸೊಳ್ಳೆಪರದೆಯೊಳಗೆ ಜಿಪ್ ಹಾಕಿಕೊಂಡು ಮಲಗಿದವರಿಗೆ ಎದ್ದು ಓಡಲು ಬೇಕಾಗುವ ಸಮಯವನ್ನು ಆನೆ ಕೊಡುವುದಿಲ್ಲ.

ನನ್ನ ಆಯ್ಕೆ ಹೀಗಿದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಉತ್ತರದ ಮಲೆನಾಡು, ಅಂದರೆ ತೀರ್ಥಹಳ್ಳಿ, ಸಾಗರ, ಶಿರಸಿ, ಯಲ್ಲಾಪುರದ ಕಡೆ. ನೆಲ ಇನ್ನೂ ತೇವವಾಗಿರುತ್ತದೆ, ಇಂಬಳ ಇಳಿದಿರುತ್ತದೆ, ಉಣುಗಿನ ಮರಿಗಳು ಇನ್ನೂ ಹೆಚ್ಚಿರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಿಂದೆ ಆನೆ ಅಪರೂಪವೆನ್ನುತ್ತಿದ್ದರು, ಈಗ ಹಾಗೆನ್ನುವಂತಿಲ್ಲ, ವಾರದ ಹಿಂದಿನ ಸುದ್ದಿ ಕೇಳಿಕೊಂಡು ಹೋಗಿ. ಜನವರಿ ನಂತರ ಹೋಗಲೇಬೇಕೆಂದರೆ ಆ ವರ್ಷ ಮಂಗ ಸತ್ತಿರುವ, ಜ್ವರದ ಪ್ರಕರಣ ಬಂದಿರುವ ಊರುಗಳನ್ನು ಪೂರ್ತಿ ಬಿಡಿ. ಊರಿನ ಆಶಾ ಕಾರ್ಯಕರ್ತೆಗೆ ಅದು ನಿಖರವಾಗಿ ಗೊತ್ತಿರುತ್ತದೆ. ಉಣುಗು ಹತ್ತದಂತೆ ಅವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ತೋಟದವರು ಬೆಟ್ಟಕ್ಕೆ ಹೋಗುವುದು.

ಮನೆಯಲ್ಲೇ ಕೂತು ಮಾಡುವ ಕೆಲಸ

ಸ್ಯಾಟಲೈಟ್ ಚಿತ್ರ ತೆರೆಯಿರಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಸೌಲಭ್ಯವಿದೆ, ಅದನ್ನು ಬಳಸಿ ಮಾರ್ಚ್ ತಿಂಗಳ ಚಿತ್ರ ಹುಡುಕಿ. ಮಾರ್ಚ್‌ನಲ್ಲೂ ಕಡುಹಸಿರಾಗಿರುವುದು ನಿತ್ಯಹರಿದ್ವರ್ಣದ ಮರಗಳು, ಅಡಿಯಲ್ಲಿ ಕತ್ತಲೆ, ತೇವ. ಬೂದುಬಣ್ಣಕ್ಕೆ ತಿರುಗಿರುವುದು ಎಲೆಯುದುರುವ ಕಾಡು, ಅಡಿಯಲ್ಲಿ ತರಗೆಲೆಯ ರಾಶಿ. ಬಾಚಣಿಗೆಯಿಂದ ಬಾಚಿದಂತೆ ಒಂದೇ ನಮೂನೆಯ ಹಸಿರು ಕಂಡರೆ ಅಕೇಶಿಯಾ ಅಥವಾ ರಬ್ಬರ್ ನೆಡುತೋಪು. ಅಕೇಶಿಯಾ ನೆಡುತೋಪು ಬಹುಮಟ್ಟಿಗೆ ಸರ್ಕಾರದ್ದು, ಬಿಟ್ಟುಬಿಡಿ. ಸಣ್ಣ ಸಣ್ಣ ನಕ್ಷತ್ರಗಳ ಚಾಪೆಯಂತೆ ಕಾಣುವುದು ಅಡಿಕೆ. ಅಡಿಕೆಯ ಮೇಲಂಚು ಮತ್ತು ದೊಡ್ಡ ಮರಗಳ ಕೆಳಂಚು ಸೇರುವ ಗೆರೆಯ ಮೇಲ್ಭಾಗದಲ್ಲಿ ಉಬ್ಬುತಗ್ಗಾದ, ಬೇರೆಬೇರೆ ಗಾತ್ರದ ತಲೆಗಳಿರುವ ಮರಗುಂಪುಗಳನ್ನು ಗುರುತು ಹಾಕಿಕೊಳ್ಳಿ.

ನಂತರ ಏರಿಳಿತ. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಮೀಸಲು ಅರಣ್ಯದ ಗಡಿಯೂ ಅದರಲ್ಲಿರುವುದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಒತ್ತೊತ್ತಾಗಿರುವ ಕಡೆ ಕಡಿದಾದ ಇಳಿಜಾರು. ಟೆಂಟಿನವರಿಗೆ ಅದು ಉಪಯೋಗವಿಲ್ಲ, ನಮಗೆ ಉಂಟು. ಕಲ್ಲಿರಲಿ, ಓರೆಯಿರಲಿ, ಎರಡು ಮರ ಒಂದೇ ಎತ್ತರದ ರೇಖೆಯಲ್ಲಿದ್ದರೆ ಸಾಕು. ಏಕಾಂತ ಸಿಗುವುದೂ ಇಂಥಲ್ಲೇ. ದಾರಿಯಿಂದ ಕಿಲೋಮೀಟರುಗಟ್ಟಲೆ ದೂರ ಹೋಗಬೇಕಾಗಿಲ್ಲ, ದಿಣ್ಣೆಯ ಒಂದು ಮಡಿಕೆ ಅಡ್ಡ ಬಂದರೆ ಮನೆಯ ದೀಪವೂ ಕಾಣದು, ರಸ್ತೆಯ ಸದ್ದೂ ಕೇಳದು. ಮನೆಯಿಂದ ಹತ್ತು ನಿಮಿಷದ ನಡಿಗೆ, ನಡುವೆ ಒಂದು ಮಡಿಕೆ: ಜಾಗಕ್ಕೆ ನಾನು ಇಟ್ಟುಕೊಂಡ ಅಳತೆ ಇದು.

ಮೂರನೆಯದು ದಾಖಲೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಕ್ಷೆಯ ಮೇಲೆ ಬೆರಳಿಟ್ಟರೆ ಆ ಜಾಗದ ಸರ್ವೆ ನಂಬರ್ ಬರುತ್ತದೆ. ಅದನ್ನು ಹಿಡಿದು ಜಮೀನು ದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಿ. ಒಂಬತ್ತನೇ ಕಾಲಂನಲ್ಲಿ ವ್ಯಕ್ತಿಯ ಹೆಸರಿದೆಯೋ ಅಥವಾ ಅರಣ್ಯ, ಸರ್ಕಾರ, ಗೋಮಾಳ ಎಂದಿದೆಯೋ ತಿಳಿಯುತ್ತದೆ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಇದ್ದರೆ ‘ಅ’ ಖರಾಬೋ ‘ಬ’ ಖರಾಬೋ ನೋಡಿ, ‘ಬ’ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಆ್ಯಪ್ ತೋರಿಸುವ ಗಡಿ ನೆಲದ ಮೇಲೆ ಹತ್ತಾರು ಮೀಟರ್ ಆಚೀಚೆ ಇರಬಹುದು. ಅದಕ್ಕೇ ಅರಣ್ಯದ ಗಡಿಗೆ ತಾಗಿದ ಮರಗಳನ್ನು ಬಿಟ್ಟು, ಕಡಿಮೆಯೆಂದರೆ ನೂರು ಮೀಟರ್ ಒಳಗೆ ಜಾಗ ನೋಡಿಕೊಳ್ಳಿ.

ಕೇಳುವುದು

ಈ ಹಂತಕ್ಕೆ ಬಂದು ಹಲವರು ಹಿಂಜರಿಯುತ್ತಾರೆ. ಒಮ್ಮೆ ಹೋಂಸ್ಟೇ ಇರುವ ತೋಟದಿಂದ ಶುರುಮಾಡಿ. ಒಂದು ರಾತ್ರಿ ಕೋಣೆಯಲ್ಲಿ ತಂಗಿ, ಬೆಳಿಗ್ಗೆ ಮಾಲೀಕರ ಜೊತೆ ತೋಟ ಸುತ್ತಿ, ಎರಡನೇ ರಾತ್ರಿಯ ಪ್ರಸ್ತಾಪ ಇಡಿ. ಕೋಣೆಯ ಬಾಡಿಗೆಯನ್ನೇ ಕೊಡುತ್ತೇನೆ, ಮಲಗುವುದು ಮಾತ್ರ ಹೊರಗೆ ಎಂದರೆ ಬಹಳಷ್ಟು ಜನ ನಗುತ್ತಾರೆ, ಆಮೇಲೆ ಒಪ್ಪುತ್ತಾರೆ. ಅವರ ಅನುಮಾನ ಮೂರೇ: ಕುಡಿತ, ಬೆಂಕಿ, ಕಸ. ಅವರು ಕೇಳುವ ಮೊದಲೇ ಮೂರೂ ಇಲ್ಲವೆಂದು ಹೇಳಿ, ಗುರುತಿನ ಚೀಟಿಯ ಪ್ರತಿ ಕೊಡಿ, ಯಾವ ಜಾಗ, ಯಾವ ರಾತ್ರಿ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಯಾರಾದರೂ ಬಂದು ಕೇಳಿದರೆ ತೋರಿಸಲು ಅದು ಬೇಕು.

ಮಾಲೀಕರು ಊರಲ್ಲಿಲ್ಲದೆ ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿ ‘ಪರವಾಗಿಲ್ಲ ಬನ್ನಿ’ ಎಂದರೆ ಒಪ್ಪಬೇಡಿ, ನಾಳೆ ಮಾಲೀಕರಿಂದ ಬೈಸಿಕೊಳ್ಳುವವರು ಅವರೇ.

ಕೇಳಬೇಕಾದ ಪ್ರಶ್ನೆಗಳೂ ಇವೆ. ಆ ರಾತ್ರಿ ಸ್ಪ್ರಿಂಕ್ಲರ್ ಹಾಕುತ್ತೀರಾ? ರೊಬಸ್ಟಾ ತೋಟಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗಾಗಿ ನೀರು ಹಾರಿಸುತ್ತಾರೆ, ಕರೆಂಟ್ ಇದ್ದ ಹೊತ್ತಿಗೆ, ಅಂದರೆ ಎಷ್ಟೋ ಸಲ ನಡುರಾತ್ರಿಗೆ. ಸೋಲಾರ್ ಬೇಲಿ ಎಲ್ಲಿದೆ, ಎಷ್ಟು ಹೊತ್ತಿಗೆ ಚಾಲೂ ಆಗುತ್ತದೆ? ಹಂದಿಗೆಂದು ಯಾರಾದರೂ ಉರುಳು, ತಂತಿ ಹಾಕುವುದುಂಟೇ? ಅಕ್ರಮವಾದರೂ ಹಾಕುವವರಿದ್ದಾರೆ, ಕತ್ತಲಲ್ಲಿ ನೀವು ಕಾಲಿಡುವ ದಾರಿಯಲ್ಲೇ ಇರಬಹುದು. ನಾಯಿಗಳನ್ನು ರಾತ್ರಿ ಬಿಡುತ್ತಾರೆಯೇ? ಪಕ್ಕದ ಜಮೀನಿನವರಿಗೂ ವಿಷಯ ತಿಳಿಸಲು ಹೇಳಿ. ಗಡಿಯಂಚಿನಲ್ಲಿ ರಾತ್ರಿ ಟಾರ್ಚ್ ಆಡಿದರೆ ಅವರು ಕಳ್ಳರೆಂದೋ ಪ್ರಾಣಿಯೆಂದೋ ತಿಳಿದು ಕೋವಿ ತರಬಹುದು, ಕೊಡಗಿನಲ್ಲಿ ಕೋವಿಯಿಲ್ಲದ ಮನೆ ಕಡಿಮೆ.

ಹಗಲಲ್ಲಿ ಒಮ್ಮೆ ನಡೆಯಿರಿ

ಮಧ್ಯಾಹ್ನ ಮೂರಕ್ಕೆ ಮುಂಚೆ ಜಾಗಕ್ಕೆ ಹೋಗಿ. ಮಲೆನಾಡಿನ ಇಳಿಜಾರಿನಲ್ಲಿ ಚಳಿಗಾಲದ ಸಂಜೆ ಐದೂವರೆಗೇ ಮರದಡಿ ಕತ್ತಲು. ಹೋಗುವಾಗ ನೆಲ ನೋಡಿ. ನಾರುನಾರಾದ ಲದ್ದಿ, ಸಿಗಿದ ಬೈನೆ ಮರ, ಸಿಪ್ಪೆ ಸುಲಿದ ಕೊಂಬೆ, ಮರದ ಬುಡದಲ್ಲಿ ಎದೆಯೆತ್ತರದ ಕೆಸರಿನ ಉಜ್ಜು, ಇವು ಆನೆಯ ಗುರುತು. ಹಳೆಯದಾದರೂ ವಾಪಸ್ಸು. ಕಾಡುಕೋಣದ ಗೊರಸಿನ ಗುರುತು ಮೊನಚಾಗಿ ತಾಜಾ ಇದ್ದರೆ ಅದರ ದಾರಿಯಿಂದ ದೂರ ಸರಿಯಿರಿ. ಹಂದಿ ನೆಲ ಉತ್ತಂತೆ ಮಾಡಿದ್ದರೆ ರಾತ್ರಿ ಸದ್ದು ಕೇಳುತ್ತದೆ, ಹೆದರುವ ಕಾರಣವಿಲ್ಲ, ಆದರೆ ತಿಂಡಿಯನ್ನು ಕೆಳಗೆ ಇಡಬೇಡಿ.

ಸವೆದು ನುಣುಪಾದ ಯಾವ ಕಾಲುದಾರಿಯೂ ಪ್ರಾಣಿಗಳದ್ದೇ ಇರಬಹುದು. ಹಳ್ಳ, ಕೆರೆಯ ದಡವೂ ಹಾಗೆಯೇ. ನೀರಿನ ಪಕ್ಕ ಮಲಗುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಎಲ್ಲ ಜೀವಿಗಳೂ ಇಳಿಯುವುದು ಅಲ್ಲಿಗೇ, ಸೊಳ್ಳೆ, ನೊರಜು ಏಳುವುದೂ ಅಲ್ಲಿಂದಲೇ, ರಾತ್ರಿಯ ತಣ್ಣನೆ ಗಾಳಿ ಹರಿದು ನಿಲ್ಲುವುದೂ ಅಲ್ಲೇ. ಡಿಸೆಂಬರ್‌ನಲ್ಲಿ ಕಣಿವೆಯ ತಳಕ್ಕೂ ಇಪ್ಪತ್ತು ಮೂವತ್ತು ಮೀಟರ್ ಮೇಲಿನ ಇಳಿಜಾರಿಗೂ ಚಳಿಯ ವ್ಯತ್ಯಾಸ ಮೈಗೇ ತಿಳಿಯುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಗಾಳಿ. ಇಳಿಜಾರಿನ ನಡುಭಾಗವೇ ಸರಿಯಾದ ಜಾಗ. ಚಳಿಗಾಲದಲ್ಲಿ ಮೂಡಗಾಳಿ ಬೀಸುವ ಕಡೆ ಪಶ್ಚಿಮದ ಇಳಿಜಾರು ಬೆಚ್ಚಗಿರುತ್ತದೆ, ಬೆಳಗಿನ ಬಿಸಿಲು ಮಾತ್ರ ತಡವಾಗಿ ಬರುತ್ತದೆ.

ಅಗಳ ಎಲ್ಲೆಲ್ಲಿದೆ ನೋಡಿಟ್ಟುಕೊಳ್ಳಿ. ತೋಟದ ಗಡಿಗೆ ತೋಡಿದ ಈ ಕಂದಕಗಳ ಮೇಲೆ ಜರೀಗಿಡ ಬೆಳೆದು ಮುಚ್ಚಿರುತ್ತದೆ, ಆಳ ಆಳೆತ್ತರವೂ ಇರಬಹುದು. ಮಲಗುವ ಜಾಗದಿಂದ ಮನೆಗೆ ಅಗಳ ದಾಟದೆ ಹೋಗುವ ದಾರಿಯನ್ನು ಬೆಳಕಿದ್ದಾಗಲೇ ಒಮ್ಮೆ ನಡೆದು ಬನ್ನಿ.

ಮರ ಆರಿಸುವುದು

ಕತ್ತು ಎತ್ತಿ ನೋಡುವುದು ಮೊದಲ ಕೆಲಸ. ಒಣಗಿದ ಕೊಂಬೆ, ಬೇರೊಂದು ಮರದ ಮೇಲೆ ಒರಗಿ ನಿಂತ ಮರ, ಟೊಂಗೆಯಲ್ಲಿ ಸಿಕ್ಕಿಕೊಂಡಿರುವ ಮುರಿದ ರೆಂಬೆ. ಕಾಫಿ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿದ ಮೇಲೆ ಕಡಿದ ಕೊಂಬೆಗಳು ಮೇಲೇ ತೂಗಾಡುತ್ತ ಉಳಿಯುವುದುಂಟು. ಜೋಲಿಗೆ ಆಸರೆಯಾಗುವ ಎರಡು ಮರಗಳನ್ನಷ್ಟೇ ನೋಡಿ ಸುಮ್ಮನಾಗಬೇಡಿ, ಸುತ್ತ ಬಿದ್ದರೆ ನಿಮ್ಮನ್ನು ಮುಟ್ಟಬಲ್ಲ ಎಲ್ಲ ಮರಗಳನ್ನೂ ನೋಡಿ. ಬುಡದಲ್ಲಿ ಅಣಬೆ ಎದ್ದಿದ್ದರೆ, ಗೆದ್ದಲು ಮಣ್ಣು ಹತ್ತಿದ್ದರೆ, ಬೆರಳಿನ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಆ ಮರ ಬೇಡ.

ಮತ್ತಿ, ನಂದಿ, ಹೊನ್ನೆ, ನೇರಳೆ, ಹೆಬ್ಬಲಸು ನಂಬಬಹುದಾದ ಮರಗಳು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತಿದ್ದು ಜೋಲಿಯನ್ನು ಮರಕ್ಕೆ ಬಿಗಿಯುವ ಪಟ್ಟಿ ಜಾರುವುದಿಲ್ಲ. ಕಾಂಡ ತೊಡೆಯ ಗಾತ್ರಕ್ಕಿಂತ ದಪ್ಪವಿರಲಿ. ಹಾಲುವಾಣ ಬೇಡ, ಮುಳ್ಳು, ಮೇಲಾಗಿ ಬೇಗ ಮುರಿಯುವ ಮೆತ್ತನೆ ಮರ. ಸಿಲ್ವರ್ ಓಕ್ ನೆಟ್ಟಗಿದ್ದು ಕೈ ಬೀಸಿ ಕರೆಯುತ್ತದೆ, ಆದರೆ ಅದಕ್ಕೆ ಹಬ್ಬಿರುವ ಮೆಣಸಿನ ಬಳ್ಳಿಯ ಬೆಲೆ ಗೊತ್ತಿದ್ದವರು ಪಟ್ಟಿ ಬಿಗಿಯುವುದಿಲ್ಲ. ತೆಂಗು, ಅಡಿಕೆ ಹತ್ತಿರವೂ ಬೇಡ. ರಾತ್ರಿ ಮೇಲಿಂದ ಬೀಳುವ ಸೋಗೆ, ಹಾಳೆಯ ತೂಕ ಅಡಿಕೆ ಕೊಯ್ಯುವವರನ್ನು ಕೇಳಿ.

ಹೊಲಗೇರು ಮರವನ್ನು ಗುರುತಿಸಲು ಕಲಿಯುವುದು ಕಡ್ಡಾಯ. ಕಾಂಡದ ಮೇಲೆ ಇಳಿದು ಒಣಗಿದ ಕಪ್ಪು ಸೊನೆಯ ಗೆರೆಗಳು ಅದರ ಚಹರೆ. ಆ ಸೊನೆ ತಾಗಿದರೆ ಕೆಲವರಿಗೆ ಮೈಯೆಲ್ಲ ಬೊಕ್ಕೆ, ಬಾವು, ವಾರಗಟ್ಟಲೆ ನರಳಾಟ. ಎರಡು ಮರಗಳಲ್ಲಿ ಒಂದರ ಹೆಸರೂ ತಿಳಿಯದಿದ್ದರೆ ತೋಟದ ಆಳನ್ನು ಕರೆದು ತೋರಿಸಿ, ಒಂದು ನಿಮಿಷದ ಕೆಲಸ. ಡಿಸೆಂಬರ್ ನಂತರ ನಸುಗುನ್ನಿ ಬಳ್ಳಿಯ ಕಾಯಿ ಒಣಗಿ ಗಾಳಿಗೆ ಸುಂಕು ಹಾರುತ್ತದೆ, ಅಂಥ ಪೊದೆಯ ಕಡೆಯಿಂದ ಗಾಳಿ ಬೀಸುವಲ್ಲಿ ಮಲಗಿದರೆ ರಾತ್ರಿಯೆಲ್ಲ ಕೆರೆತವೇ.

ಎಲೆಗಳನ್ನು ಹೊಲಿದು ಗೂಡು ಮಾಡಿದ ಚಗಳಿ ಇರುವೆ ಮಾವು, ಹಲಸು, ಗೇರು ಮರಗಳಲ್ಲಿ ಸಾಮಾನ್ಯ. ಅವುಗಳ ಸಾಲು ಪಟ್ಟಿ ಹಿಡಿದು ನೇರ ಜೋಲಿಗೇ ಇಳಿಯುತ್ತದೆ. ದೊಡ್ಡ ಮರದ ಎತ್ತರದ ಕೊಂಬೆಯಡಿ ಕಪ್ಪು ಹಲಗೆಯಂತೆ ತೂಗುವ ಹೆಜ್ಜೇನು ಕಂಡರೆ ಆ ಇಳಿಜಾರನ್ನೇ ಬಿಟ್ಟು ಬೇರೆ ಕಡೆ ಹೋಗಿ.

ಕಟ್ಟುವ ಲೆಕ್ಕ

ಮರಗಳ ನಡುವೆ ನಾಲ್ಕರಿಂದ ಐದು ಮೀಟರ್ ಅಂತರ. ಪಟ್ಟಿ ಕನಿಷ್ಠ ಒಂದಿಂಚು ಅಗಲದ ಪಾಲಿಯೆಸ್ಟರ್ ಆಗಿರಲಿ, ನೈಲಾನ್ ಒದ್ದೆಯಾದರೆ ಹಿಗ್ಗಿ ಬೆಳಗಿನ ಜಾವಕ್ಕೆ ನಿಮ್ಮನ್ನು ನೆಲಕ್ಕೆ ಇಳಿಸುತ್ತದೆ. ಬರೀ ಹಗ್ಗ ತೊಗಟೆಯನ್ನು ಕೊಯ್ಯುತ್ತದೆ, ಮಾಲೀಕರು ಎರಡನೇ ಸಲ ಕರೆಯುವುದಿಲ್ಲ.

ಪಟ್ಟಿ ಅಡ್ಡಗೆರೆಗೆ 30 ಡಿಗ್ರಿ ಓರೆಯಲ್ಲಿರಬೇಕು. ತೋರುಬೆರಳನ್ನು ಅಡ್ಡ ಹಿಡಿದು ಹೆಬ್ಬೆರಳು ಮೇಲೆತ್ತಿದರೆ ಎರಡರ ತುದಿ ಸೇರಿಸುವ ಗೆರೆ ಸರಿಸುಮಾರು ಅಷ್ಟೇ ಓರೆ. ಇದು ಬರೀ ಆರಾಮದ ಮಾತಲ್ಲ. 70 ಕೆಜಿಯವರು ಮಲಗಿದಾಗ 30 ಡಿಗ್ರಿಯಲ್ಲಿ ಪ್ರತಿ ಪಟ್ಟಿಯ ಮೇಲೆ ಬೀಳುವ ಎಳೆತ 70 ಕೆಜಿ. ಬಿಗಿದು ಕಟ್ಟಿ 10 ಡಿಗ್ರಿಗೆ ತಂದರೆ ಅದೇ ಎಳೆತ 200 ಕೆಜಿ ದಾಟುತ್ತದೆ, ಪಟ್ಟಿ, ಹೊಲಿಗೆ, ಮರ ಎಲ್ಲದರ ಮೇಲೂ. ಕೂತಾಗ ಬಟ್ಟೆ ಮಂಡಿಯ ಎತ್ತರಕ್ಕೆ, ಅಂದರೆ ನೆಲದಿಂದ 45 ಸೆಂಟಿಮೀಟರ್‌ಗೆ ಬರಲಿ. ಅಷ್ಟು ಬರಲು ಪಟ್ಟಿಯನ್ನು ನಿಮ್ಮ ತಲೆಯೆತ್ತರದಲ್ಲಿ ಕಟ್ಟಬೇಕಾಗುತ್ತದೆ. ಇಳಿಜಾರಿನಲ್ಲಿ ಕೆಳಬದಿಗೆ ತೂಗಿದಾಗ ಎತ್ತರ ಹೆಚ್ಚುತ್ತದೆ, ಹತ್ತುವುದು ಇಳಿಯುವುದು ಯಾವಾಗಲೂ ಮೇಲ್ಬದಿಯಿಂದ. ಮೂರೂಕಾಲು ಮೀಟರ್ ಉದ್ದದ ಬಟ್ಟೆಯಾದರೆ ಓರೆಯಾಗಿ, ಮೂಲೆಯಿಂದ ಮೂಲೆಗೆ ಮಲಗಿ. ಬೆನ್ನು ಚಪ್ಪಟೆಯಾಗುತ್ತದೆ.

ಮಳೆ ಇಲ್ಲದಿದ್ದರೂ ಟಾರ್ಪಾಲು ಬೇಕು. ಇಬ್ಬನಿ ಮರದ ಎಲೆಗಳಲ್ಲಿ ಕೂಡಿ ರಾತ್ರಿ ಎರಡರ ಹೊತ್ತಿಗೆ ಮಳೆಯಂತೆಯೇ ತೊಟ್ಟಿಕ್ಕುತ್ತದೆ. ಪಟ್ಟಿಯ ಮೇಲೆ ನೀರು ಜಾರಿ ಜೋಲಿಗೆ ಬರದಂತೆ ಟಾರ್ಪಾಲಿನ ಅಂಚಿನೊಳಗೆ ಎರಡೂ ಕಡೆ ಒಂದೊಂದು ಹತ್ತಿ ದಾರ ಕಟ್ಟಿ ಇಳಿಬಿಡಿ, ನೀರು ಅದರಲ್ಲಿ ಇಳಿದುಹೋಗುತ್ತದೆ.

ಚಳಿ ಬರುವುದು ಬೆನ್ನಿನ ಕಡೆಯಿಂದ. ಹೊದೆದದ್ದು ಮೈಯಡಿ ಒತ್ತಿಕೊಂಡು ಉಪಯೋಗಕ್ಕೆ ಬಾರದು. ದುಬಾರಿ ಅಂಡರ್‌ಕ್ವಿಲ್ಟ್ ಇಲ್ಲದಿದ್ದರೆ ಒಂದು ಕರಿ ಕಂಬಳಿಯ ನಾಲ್ಕು ಮೂಲೆಗೆ ದಾರ ಕಟ್ಟಿ ಜೋಲಿಯ ಹೊರಮೈಗೆ ತಾಗುವಂತೆ ಅಡಿಯಲ್ಲಿ ತೂಗಿಬಿಡಿ. ಸೊಳ್ಳೆಯ ಸೂಜಿಗೂ ಅದು ಅಡ್ಡ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಒರಟು ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು.

ರಾತ್ರಿ

ಬೆಂಕಿ ಹಾಕಬೇಡಿ. ಊಟ ಮನೆಯಲ್ಲೇ ಮುಗಿಸಿ ಬನ್ನಿ, ಚಹಾ ಬೇಕಾದರೆ ಫ್ಲಾಸ್ಕ್. ತಿನ್ನುವ ವಸ್ತು ಜೋಲಿಯಲ್ಲಿಟ್ಟುಕೊಂಡರೆ ಇರುವೆಗೆ ಆಮಂತ್ರಣ. ಶೂಗಳನ್ನು ತಲೆಕೆಳಗಾಗಿ ಪಟ್ಟಿಗೆ ನೇತುಹಾಕಿ, ನೆಲದಲ್ಲಿ ಬಿಟ್ಟ ಶೂ ಬೆಳಿಗ್ಗೆ ಚೇಳಿನ ಮನೆ. ಕೆಳಗಿಳಿಯುವ ಮುನ್ನ ಟಾರ್ಚ್ ಹಾಕಿ ನೆಲ ನೋಡುವುದು ನಿಯಮ. ಚಿಕ್ಕ ಮಂಡಲದ ಹಾವುಗಳು ತರಗೆಲೆಯ ಬಣ್ಣದಲ್ಲೇ ಇರುತ್ತವೆ, ಅವುಗಳಲ್ಲಿ ಮಲಬಾರ್, ಹಂಪ್‌ನೋಸ್ ಪಿಟ್ ವೈಪರ್ ಜಾತಿಯವುಗಳ ವಿಷಕ್ಕೆ ನಮ್ಮಲ್ಲಿ ಸಿಗುವ ಚುಚ್ಚುಮದ್ದು ಕೆಲಸ ಮಾಡುವುದಿಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಯ ದಾರಿ, ಮಾಲೀಕರ ನಂಬರ್, ತುರ್ತು ಸಂಖ್ಯೆ 112, ಮೂರನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮಡಿಕೆಯ ಹಿಂದೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಯಾವ ಜಾಗದಲ್ಲಿ ಎರಡು ಗೆರೆ ಬರುತ್ತದೆಂದು ಹಗಲಲ್ಲೇ ನೋಡಿಕೊಂಡಿರಿ.

ಪಟಾರನೆ ಬಿದಿರು ಮುರಿದ ಸದ್ದು, ಹೊಟ್ಟೆಯ ಗುಡುಗಿನಂಥ ಸದ್ದು ಕೇಳಿದರೆ ಖಚಿತಪಡಿಸಿಕೊಳ್ಳಲು ಕಾಯಬೇಡಿ. ಸಾಮಾನು ಅಲ್ಲೇ ಬಿಟ್ಟು ಹಗಲು ನಡೆದಿದ್ದ ದಾರಿಯಲ್ಲಿ ಮನೆಗೆ ಹೋಗಿ. ಕೂಗಾಟ, ಟಾರ್ಚ್ ಬೀಸುವುದು ಬೇಡ.

ಉಳಿದ ಸದ್ದುಗಳಿಗೆ ಒಗ್ಗಿಕೊಳ್ಳಬೇಕು. ಕಾಡುಕುರಿಯ ಬೊಗಳು, ಹಾರುಬೆಕ್ಕಿನ ಕೀರು, ಪುನುಗು ಹಣ್ಣು ಉದುರಿಸುವುದು. ಮೊದಲ ರಾತ್ರಿ ನಿದ್ದೆ ಬರುವುದಿಲ್ಲ, ಅದನ್ನು ಲೆಕ್ಕ ಹಿಡಿದೇ ಮರುದಿನದ ಡ್ರೈವಿಂಗ್ ಇಟ್ಟುಕೊಳ್ಳಿ.

ಬೆಳಿಗ್ಗೆ, ಮತ್ತು ಆಮೇಲಿನ ಹತ್ತು ದಿನ

ಶೌಚಕ್ಕೆ ನೀರಿನಿಂದ ಎಪ್ಪತ್ತು ಹೆಜ್ಜೆಗೂ ದೂರದಲ್ಲಿ ಗೇಣು ಆಳದ ಗುಂಡಿ, ಮಣ್ಣು ಮುಚ್ಚುವುದು. ಮನೆ ಹತ್ತಿರವಿದ್ದರೆ ಮನೆಗೇ ಹೋಗುವುದು ಮರ್ಯಾದೆ. ಪಟ್ಟಿ ಬಿಚ್ಚಿದ ಮೇಲೆ ತೊಗಟೆಯ ಮೇಲೆ ಕೈಯಾಡಿಸಿ ನೋಡಿ, ಗುರುತು ಉಳಿದಿದ್ದರೆ ಮುಂದಿನ ಸಲ ಇನ್ನೂ ಅಗಲದ ಪಟ್ಟಿ ತನ್ನಿ. ಜಾಗದ ಫೋಟೋ ಹಾಕುವಾಗ ಲೊಕೇಶನ್ ತೆಗೆಯಿರಿ. ಮಾಲೀಕರ ಒಪ್ಪಿಗೆ ನಿಮಗೆ ಸಿಕ್ಕಿದ್ದು, ನಿಮ್ಮ ಹಿಂದೆ ಬರುವ ನಾಲ್ಕು ಬೈಕಿನವರಿಗಲ್ಲ.

ಹಾಕಿದ್ದ ಬಟ್ಟೆಯನ್ನು ಕಾರಿನ ಸೀಟಿನ ಮೇಲೆ ಎಸೆಯದೆ ಚೀಲದಲ್ಲಿ ಕಟ್ಟಿ, ಮನೆಯಲ್ಲಿ ಬಿಸಿನೀರಲ್ಲಿ ಒಗೆಯಿರಿ. ಸ್ನಾನದ ಹೊತ್ತಿಗೆ ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಗೆರೆ, ಕಿವಿಯ ಹಿಂದೆ ಉಣುಗು ಹುಡುಕಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೆಟ್ಟಗೆ ಎಳೆಯಿರಿ, ಬೆರಳಿನಿಂದ ಹಿಸುಕಬೇಡಿ. ಮಂಗನ ಕಾಯಿಲೆ ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ: ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಹಿಡಿತ. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೀರಿ, ಅಲ್ಲಿನ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ಯಾವ ತಾಲ್ಲೂಕಿನ ಕಾಡಂಚಿನಲ್ಲಿ ಯಾವ ದಿನ ಮಲಗಿದ್ದಿರಿ ಎಂದು ಜ್ವರದ ಲಕ್ಷಣ ಹೇಳುವ ಮೊದಲೇ ಅವರಿಗೆ ತಿಳಿಸಿ.